ಎದೆಯೊಳಗಿನ ಸಾಲಿ

ಆ ವರ್ಷ ಹುಬ್ಬಳ್ಳಿಗೆ ಬಂದ ಹೊಸ ಜ್ವರ ಓಣಿಗೆ ಓಣಿಯನ್ನೇ ಹಾಸಿಗೆ ಹಿಡಿಸಿತು. ತಾವೇ ಓಡುವ ಬಸ್ಸುಗಳು ಖಾಲಿ ಸೀಟು ಹೊತ್ತು ಊರು ಸುತ್ತಿದವು. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ ಹುಡುಗರು ಕಂಬಳಿಯೊಳಗೆ ಸೇರಿಕೊಂಡು ಅವ್ವನನ್ನು ಕರೆದರು. ಎಪ್ಪತ್ತೆಂಟರ ಮಹಾನಂದಾ ಬಾಳಿಕಾಯಿ ಮಾತ್ರ ಒಂದು ದಿನ ಮೈ ಬಿಸಿ ಮಾಡಿಕೊಂಡು, ಚೆನ್ನಾಗಿ ಬೆವೆತು, ಮೂರನೆಯ ದಿನಕ್ಕೆ ಎದ್ದು ನೆರೆಮನೆಯ ರೋಗಿಗಳಿಗೆ ಗಂಜಿ ಕಾಯಿಸಿ ಕೊಟ್ಟು ಬಂದರು. ಓಣಿಯ ಮುದುಕಿಯರಿಗೆ ಹೊಟ್ಟೆಕಿಚ್ಚು. "ಮಗಳು ಡಾಕ್ಟರ್ ಇದ್ರ ಹಿಂಗ ನೋಡ್ರಿ" ಎಂದು ಮೂಗಿನ ಮೇಲೆ ಬೆರಳಿಟ್ಟರು.

ಮಹಾನಂದಾ ಅವರ ಕೊರಳೆಲುಬಿನ ಕೆಳಗೆ, ಚರ್ಮದಡಿ, ಸಣ್ಣ ಹಪ್ಪಳದಷ್ಟು ಅಗಲದ ಮೆತ್ತನೆಯ ಬಿಲ್ಲೆಯೊಂದಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಕೃತಕ ಥೈಮಸ್. ಜನ ಕರೆಯುವುದು ಸಾಲಿ. ಆ ಕಡೆ ಶಾಲೆಗೆ ಸಾಲಿ ಅನ್ನುತ್ತಾರೆ. ಬಿಲ್ಲೆಯನ್ನು ಕಂಡುಹಿಡಿದ ಡಾ. ಸಿಂಚನಾ, ಮಹಾನಂದಾ ಅವರ ಹಿರಿಯ ಮಗಳು, ಒಮ್ಮೆ ಹಿರಿಯ ನಾಗರಿಕರ ಸಭೆಯಲ್ಲಿ ವಿವರಿಸಲು ಹೋಗಿ ಬಳಸಿದ ಮಾತು ಹಾಗೆಯೇ ಉಳಿದುಹೋಗಿತ್ತು.

ಅವಳು ವಿವರಿಸಿದ್ದು ಹೀಗೆ. ನಮ್ಮ ರಕ್ತದ ಬಿಳಿಯ ಕೋಶಗಳಲ್ಲಿ ಟಿ-ಕೋಶ ಎಂಬುದೊಂದು ಬಗೆ. ಅವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಕಲಿಯಲು ಬರುತ್ತವೆ. ಅಲ್ಲಿ ಇರುವುದು ಒಂದೇ ಪಾಠ: ನಮ್ಮವರು ಯಾರು, ಪರರು ಯಾರು. ದೇಹದ್ದೇ ತುಣುಕನ್ನು ತೋರಿಸಿದಾಗ ಅದರ ಮೈಮೇಲೆ ಬೀಳುವ ಕೋಶವನ್ನು ಅಲ್ಲಿಯೇ ಮುಗಿಸಲಾಗುತ್ತದೆ, ತಾಳ್ಮೆಯಿಂದ ಇದ್ದದ್ದು ಪಾಸಾಗಿ ಹೊರಗೆ ಹೋಗುತ್ತದೆ. ಆದರೆ ಈ ಶಾಲೆ ನಮ್ಮ ಹರೆಯದಲ್ಲಿಯೇ ಮುಚ್ಚತೊಡಗುತ್ತದೆ. ಅರವತ್ತರ ಹೊತ್ತಿಗೆ ಗ್ರಂಥಿಯಿದ್ದ ಜಾಗದಲ್ಲಿ ಬಹುಪಾಲು ಬರೀ ಕೊಬ್ಬು. ಆಮೇಲೆ ಮೈ ಕಾಯುವುದೆಲ್ಲ ಹಳೆಯ ವಿದ್ಯಾರ್ಥಿಗಳೇ. ಕಂಡ ರೋಗವನ್ನು ಅವು ಮರೆಯುವುದಿಲ್ಲ, ಕಾಣದ ರೋಗ ಬಂದರೆ ಬೆಪ್ಪಾಗಿ ನಿಲ್ಲುತ್ತವೆ. ಕೆಲವಂತೂ ಕೆಲಸವನ್ನೂ ಮಾಡದೆ, ಸಾಯಲೂ ಒಲ್ಲದೆ, ಕೂತಲ್ಲೇ ಕೂಗಾಡಿ ಮೈತುಂಬ ಉರಿಯೂತ ಎಬ್ಬಿಸುತ್ತವೆ. ಮುದುಕರು ಒಂದು ನೆಗಡಿಗೆ ಹೋಗಿಬಿಡುವುದು ಇದಕ್ಕೇ. ಸಿಂಚನಾ ರೋಗಿಯ ಚರ್ಮದ ಕೋಶಗಳಿಂದಲೇ ಹೊಸ ಗ್ರಂಥಿ ಬೆಳೆಸಿ, ಹಳೆಯ ಕೋಶಗಳ ಗುಂಪನ್ನು ತೆಳುವಾಗಿಸಿ, ಶಾಲೆಯ ಬಾಗಿಲು ಮತ್ತೆ ತೆಗೆದಿದ್ದಳು. ಪ್ರಯೋಗಕ್ಕೆ ಒಪ್ಪಿದ ಮೊದಲ ಹೆಂಗಸರಲ್ಲಿ ಅವಳ ತಾಯಿಯೂ ಒಬ್ಬರು. ಮುಂದಿನ ವರ್ಷ ಇಡೀ ರಾಜ್ಯಕ್ಕೆ ಕೊಡುವ ಮಾತು ನಡೆದಿತ್ತು.

ಒಂದು ಬೆಳಿಗ್ಗೆ ತಮ್ಮನ ಮನೆಗೆ ಬಂದ ಸಿಂಚನಾ ಮೆಟ್ಟಿಲ ನಡುವೆ ಅವ್ವ ಕೂತಿರುವುದನ್ನು ಕಂಡಳು.

"ಯಾಕವ್ವ, ಇಲ್ಲೇ ಕುಂತಿ?"

"ಎಳೀ ಬಿಸಲು ಐತಿ ಅಂತ ಕುಂತೀನಿ. ನಿನಗ ಎಲ್ಲಾದಕ್ಕೂ ಕಾರಣ ಬೇಕ ನೋಡು."

ಮೆಟ್ಟಿಲ ಮೇಲೆ ಬಿಸಿಲು ಇರಲಿಲ್ಲ. ಅವ್ವನ ಪಾದಗಳು ಬಾತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಸಿಂಚನಾ ಅಂದೇ ಪರೀಕ್ಷೆ ಮಾಡಿಸಿದಳು. ಹೃದಯದ ಮಾಂಸಖಂಡಕ್ಕೆ ಉರಿಯೂತ ಹತ್ತಿತ್ತು. ಹೊರಗಿನ ಯಾವ ರೋಗಾಣುವೂ ಸಿಗಲಿಲ್ಲ. ಹೃದಯದಿಂದ ಕಾಳಿನಷ್ಟು ಸಣ್ಣ ನಾಲ್ಕಾರು ಚೂರುಗಳನ್ನು ತೆಗೆದು ನೋಡುವುದೊಂದೇ ದಾರಿಯಾಗಿತ್ತು.

ಚೂರುಗಳನ್ನು ನೋಡಿದವನು ಅವಳ ಸಹಾಯಕ ವಿಜ್ಞಾನಿ ಜುಬೇರ ನದಾಫ. ಮಾತು ಕಡಿಮೆ, ಎಚ್ಚರ ಹೆಚ್ಚು. ಅವನೇ ಅವಳ ಕೋಣೆಗೆ ಬಂದು ಬಾಗಿಲಲ್ಲಿ ನಿಂತ.

"ಮೇಡಮ್, ನೀವ ಒಂದ ಸಲ ಬಂದು ನೋಡ್ರಿ."

ತೆರೆಯ ಮೇಲೆ ಹೃದಯದ ತಿಳಿಗೆಂಪು ನಾರುಗಳು. ಅಲ್ಲಲ್ಲಿ ಮಾತ್ರ ನೀಲಿಯ ಟಿ-ಕೋಶಗಳು ಮುತ್ತಿಕೊಂಡಿದ್ದವು. ಉಳಿದ ಕಡೆ ಶುದ್ಧ.

"ಹೃದಯದ ಮ್ಯಾಲೆ ಬಿದ್ದಿಲ್ರಿ ಇವು," ಎಂದ ಜುಬೇರ. "ಹೃದಯದಾಗ ನಡನಡುವ ಬ್ಯಾರೆ ಕೋಶ ಅದಾವ, ಅವನ್ನ ಹುಡುಕಿ ಹುಡುಕಿ ಹೊಡ್ಯಾಕತ್ತಾವ. ಆ ಕೋಶ ನಿಮ್ಮ ಅವ್ವಾರವಲ್ಲ. ಗಂಡಿನವು."

ಸಿಂಚನಾಳಿಗೆ ಅಚ್ಚರಿಯಾಗಲಿಲ್ಲ, ಸಿಟ್ಟು ಬಂತು. ಬಸಿರಿನಲ್ಲಿ ಕೂಸಿನ ಒಂದಿಷ್ಟು ಕೋಶಗಳು ಮಾಸನ್ನು ದಾಟಿ ತಾಯಿಯ ರಕ್ತಕ್ಕೆ ಇಳಿಯುತ್ತವೆ. ಯಕೃತ್ತು, ಹೃದಯ, ಮಿದುಳು, ಎಲ್ಲೆಂದರಲ್ಲಿ ನೆಲೆಸಿ, ಮಗು ದೊಡ್ಡದಾಗಿ ಮನೆ ಬಿಟ್ಟುಹೋದರೂ ದಶಕಗಟ್ಟಲೆ ಅಲ್ಲೇ ಬಾಳುತ್ತವೆ. ಅರ್ಧ ಪರಕೀಯವಾದ ಈ ಕೋಶಗಳನ್ನು ತಾಯಿಯ ಟಿ-ಕೋಶಗಳು ಬಸಿರಿನ ದಿನಗಳಿಂದಲೇ ಸಹಿಸಲು ಕಲಿತಿರುತ್ತವೆ. ಹೊಸ ಶಾಲೆಯ ಮಕ್ಕಳಿಗೆ ಅದೇನೂ ಗೊತ್ತಿರುವುದಿಲ್ಲ. ಅದಕ್ಕೇ ಅವಳೇ ಒಂದು ಕಟ್ಟಳೆ ಮಾಡಿದ್ದಳು: ಬಿಲ್ಲೆ ಕೂಡಿಸುವ ಮೊದಲು ರೋಗಿಯ ಮಕ್ಕಳ ಕೆನ್ನೆಯ ಒಳಗಿನಿಂದ ಕೋಶ ತೆಗೆದು ಶಾಲೆಯೊಳಗೆ ಬಿಡಬೇಕು. ಅವಳ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಪರಿಚಯ ಎನ್ನುತ್ತಿದ್ದರು. ಅವಳದೂ ತಮ್ಮ ಸಮರ್ಥನದೂ ಪರಿಚಯ ಆಗಿತ್ತು.

"ಸಮರ್ಥಂದು ಸರಿಯಾಗಿ ಮಾಡಿಲ್ಲ ನೀವು."

"ಸಮರ್ಥಣ್ಣಾರದಲ್ರಿ ಇದು. ಎರಡ ಸಲ ತಾಳೆ ಹಾಕಿ ನೋಡೀನಿ." ಜುಬೇರ ತೆರೆಯಿಂದ ಕಣ್ಣು ತೆಗೆಯದೆ ಹೇಳಿದ. "ತಂದಿ ತಾಯಿ ನಿಮ್ಮ ಅಪ್ಪಾರು ಅವ್ವಾರ. ಮಗ ಬ್ಯಾರೆ."

ತಪ್ಪು ಎಲ್ಲಿ ಆಯಿತೆಂದು ಹುಡುಕಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಎಷ್ಟು ಸಲ ಬಸಿರಾಗಿತ್ತು ಎಂದು ಕೇಳಬೇಕು ಎಂಬುದು ನಿಯಮ. ಆದರೆ ಎಂಬತ್ತರ ಹತ್ತಿರದ ಮುದುಕಿಯರನ್ನು, ಅದೂ ಮಕ್ಕಳು ಸೊಸೆಯಂದಿರ ಎದುರಿಗೆ, ಬಸಿರಿನ ಮಾತು ಕೇಳಲು ಕೇಂದ್ರದ ಹುಡುಗ ಹುಡುಗಿಯರಿಗೆ ನಾಚಿಕೆ. ಮರ್ಯಾದೆಯಾಗಿ "ಎಷ್ಟ ಮಂದಿ ಮಕ್ಕಳ್ರಿ ಅಮ್ಮಾರ" ಎಂದು ಕೇಳುತ್ತಿದ್ದರು. ಅದು ಸಿಂಚನಾಳಿಗೂ ಗೊತ್ತಿತ್ತು, ಎರಡೂ ಒಂದೇ ಎಂದುಕೊಂಡಿದ್ದಳು. ತನ್ನ ತಾಯಿಯ ಸರದಿ ಬಂದಾಗಲಂತೂ ಅವ್ವ ಬಾಯಿ ತೆಗೆಯುವ ಮೊದಲೇ ಇವಳೇ ನಗುತ್ತ "ನಾವಿಬ್ಬರ, ಬರ್ಕೋರಿ" ಎಂದಿದ್ದಳು. ಅವ್ವ ತನ್ನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡದ್ದು ಈಗ ನೆನಪಾಯಿತು.

ವಾರ್ಡಿನಲ್ಲಿ ಮಹಾನಂದಾ ದಿಂಬಿಗೆ ಒರಗಿ ಕೂತಿದ್ದರು. ಸಿಂಚನಾ ಮಂಚದ ತುದಿಯಲ್ಲಿ ಕೂತು, ಹೇಗೆ ಶುರು ಮಾಡುವುದೆಂದು ತಿಳಿಯದೆ, ನೇರವಾಗಿಯೇ ಕೇಳಿಬಿಟ್ಟಳು.

"ಅವ್ವಾ, ನಮ್ಮಿಬ್ಬರನ್ನ ಬಿಟ್ಟು ನಿನಗ ಇನ್ನೊಂದ ಗಂಡಕೂಸು ಆಗಿತ್ತೇನು?"

ಮಹಾನಂದಾ ಹೊದಿಕೆಯ ಅಂಚನ್ನು ಮಡಚತೊಡಗಿದರು. "ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ನಿನ್ನ ಹೃದಯದಾಗ ಸಿಕ್ಕಾನ."

ಅಂಚನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ ಮೇಲೆ ಅವರು ಮಾತಾಡಿದರು. "ನಿನಕಿಂತ ಮೊದಲ. ಬಾಗಲಕೋಟ್ಯಾಗ. ಚಲೋ ತೂಕ ಇತ್ತು, ಚಲೋ ಅಳ್ತಿತ್ತು. ತೊಟ್ಟಲಕ್ಕ ಹಾಕಾಕ ಮುಂಜಾನೆ ಮಂದಿ ಬರಬೇಕಿತ್ತು, ಹಿಂದಿನ ದಿನಾನ ಮೈ ತಣ್ಣಗಾತು. ಹೆಸರಿಟ್ಟಿದ್ದಿಲ್ಲ. ಹೆಸರಿಡದ ಕೂಸನ್ನ ಎಣಿಸಬಾರದು ಅಂದ್ರು ನಮ್ಮತ್ತಿ. ಅಳಬ್ಯಾಡ, ಮುಂದಿನ ಕೂಸಿಗೆ ಚಲೋ ಅಲ್ಲ ಅಂದ್ರು. ನಿಮ್ಮಪ್ಪ ಮೊಬೈಲಿನ್ಯಾಗ ಒಂದ ಫೋಟೊ ತಗದಿದ್ರು, ನನಗ ತ್ರಾಸ ಆಗಬಾರದಂತ ಅದನ್ನೂ ಅಳಿಸಿಬಿಟ್ರು. ಆಮ್ಯಾಲೆ ನೀ ಬಂದಿ. ಎಲ್ಲಾರೂ ನಿನ್ನ ಹಿರೇಮಗಳು ಅಂದ್ರು, ನಾನೂ ಅಂದೆ."

ಆಮೇಲೆ ತಾವೇ ಕೇಳಿದರು: "ಅಂವ ಇನ್ನಾ ಅದಾನ?"

"ಅವನ ಕೋಶ ಅದಾವವ್ವ. ಎಲ್ಲಾ ಕೂಡಿದ್ರೂ ಒಂದ ಸಾಸಿವಿಕಾಳಿನಷ್ಟೂ ಆಗೂದಿಲ್ಲ."

"ಜೀವ ಅದಾವ?"

"ಜೀವ ಅದಾವ."

ಐವತ್ತಾರು ವರ್ಷ ಬಾಯಿಬಿಡದ ಹೆಂಗಸು ಆಗ ಅತ್ತರು. ಸಂತೋಷಕ್ಕೋ ದುಃಖಕ್ಕೋ ಅವರಿಗೇ ತಿಳಿದಿರಲಿಕ್ಕಿಲ್ಲ. ಪಕ್ಕದ ತೆರೆಯಲ್ಲಿ ಹೃದಯದ ಬಡಿತ ಏರತೊಡಗಿದ್ದು ಕಂಡು ಸಿಂಚನಾ ಗಾಬರಿಯಿಂದ ಅವರ ಬೆನ್ನು ನೀವಿದಳು. ಉಳಿದದ್ದನ್ನು ಹೇಳದೆ ಗತಿಯಿರಲಿಲ್ಲ.

"ಹಳೇ ಕೋಶಗೋಳು ಅವನ್ನ ತಮ್ಮವನ ಅಂತ ಬಿಟ್ಟಿದ್ದುವವ್ವ. ಹೊಸವಕ್ಕ ಅವನ ಪರಿಚಯ ಇಲ್ಲ. ಅವನ್ನ ಕೊಲ್ಲಾಕ ಹೋಗಿ ನಿನ್ನ ಹೃದಯಾನೂ ಸುಡಾಕತ್ತಾವ."

"ಪರಿಚಯ ಯಾಕ ಮಾಡಿಸಿಲ್ಲ?"

"ನಾ ಮಾಡಿಸಿಲ್ಲ. ನನ್ನ ತಪ್ಪು."

ದಾರಿಗಳು ಎರಡಿದ್ದವು. ಒಂದು, ಔಷಧದಿಂದ ಉರಿಯೂತವನ್ನು ಹದ್ದುಬಸ್ತಿನಲ್ಲಿಟ್ಟುಕೊಂಡು ಟಿ-ಕೋಶಗಳು ತಮ್ಮ ಕೆಲಸ ಮುಗಿಸಲು ಬಿಡುವುದು. ಆ ಮಗುವಿನ ಕೋಶಗಳು ಇರುವುದೇ ಇಷ್ಟು, ಕೆಲವೇ ದಿನಗಳಲ್ಲಿ ಒಂದೂ ಉಳಿಯುವುದಿಲ್ಲ. ಹೊಡೆಯಲು ಯಾರೂ ಸಿಗದೆ ದಾಳಿ ತಾನಾಗಿ ನಿಲ್ಲುತ್ತದೆ. ಇನ್ನೊಂದು, ಜುಬೇರ ಮುನ್ನೆಚ್ಚರಿಕೆಯಿಂದ ಜೀವಂತ ಇಟ್ಟಿದ್ದ ಒಂದು ಚೂರಿನಿಂದ ಮಗುವಿನ ಕೋಶಗಳನ್ನು ಬೇರ್ಪಡಿಸಿ ಬೆಳೆಸಿ ಶಾಲೆಯೊಳಗೆ ಬಿಡುವುದು. ಅಲ್ಲಿ ಕಲಿತು ಬರುವ ಹೊಸ ತಂಡದಲ್ಲಿ ತಡೆಯುವ ಕೋಶಗಳೂ ಇರುತ್ತವೆ, ಜಗಳಕ್ಕೆ ಬಿದ್ದ ತಮ್ಮವರನ್ನೇ ಹಿಡಿದು ಸುಮ್ಮನಾಗಿಸುವಂಥವು. ಆದರೆ ಇದಕ್ಕೆ ಎರಡು ತಿಂಗಳಾದರೂ ಬೇಕು. ಅಷ್ಟು ದಿನವೂ ಟಿ-ಕೋಶಗಳನ್ನೆಲ್ಲ ಔಷಧದಿಂದ ಮಂಕು ಮಾಡಿ ಇಡಬೇಕು. ಊರಿನಲ್ಲಿ ಜ್ವರ ರೂಪ ಬದಲಿಸಿಕೊಂಡು ಎರಡನೆಯ ಸಲ ಬರುವ ಸೂಚನೆಯಿತ್ತು. ಕಾವಲಿಲ್ಲದ ಮೈಗೆ ಅದು ತಾಗಿದರೆ ಮುಗಿಯಿತು.

ಸಮರ್ಥ ಕುದಿದುಹೋದ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವನು, ಊರಿನಲ್ಲೇ ಸೌರ ಹಲಗೆಗಳ ದುರಸ್ತಿ ಅಂಗಡಿ ನಡೆಸುತ್ತಿದ್ದ, ಅವ್ವ ಅವನ ಜೊತೆಗೇ ಇದ್ದರು.

"ಇದರಾಗ ವಿಚಾರ ಮಾಡೂದೇನೈತೆಕ್ಕಾ? ಸತ್ತವನ ಸಲುವಾಗಿ ಇದ್ದಾಕಿನ್ನ ಕಳಕೋಬೇಕನು?"

"ಅವ್ವ ಒಪ್ಪವಲ್ಲಳು. 'ಒಂದ ಸಲ ಎಲ್ಲಾರೂ ಸುಮ್ಮನಿರು ಅಂದ್ರು, ಸುಮ್ಮನಿದ್ದೆ. ಈ ಸಲ ನನ್ನ ಕಣ್ಣ ಮುಂದ ಕೊಲ್ಲಾಕ ಬಿಡೂದಿಲ್ಲ' ಅಂತಾಳ."

"ಹಂಗಾರ ಬೆಳೀಲಿಲ್ಲ ಅಂತ ಹೇಳಿಬಿಡು. ಅವ್ವಗ ಏನ್ ತಿಳೀತೈತಿ?"

ಆ ಯೋಚನೆ ಸಿಂಚನಾಳಿಗೂ ಬಂದಿತ್ತು. ಪ್ರಯೋಗಾಲಯದಲ್ಲಿ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದು ಮಗುವಿನ ಕೋಶಗಳಿದ್ದ ಗಾಜಿನ ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತಳು. ಅದನ್ನು ಹೊರಗೆ ಒಂದು ಗಂಟೆ ಮರೆತರೆ ಸಾಕು, ಅವ್ವ ಬದುಕುವ ಸಾಧ್ಯತೆ ಹೆಚ್ಚುತ್ತಿತ್ತು. ಯಾರೂ ಅವಳನ್ನು ದೂರುತ್ತಿರಲಿಲ್ಲ. ಅವ್ವನಿಗೂ ಅಭ್ಯಾಸವಿತ್ತು, ಇನ್ನೊಮ್ಮೆ ನುಂಗಿಕೊಳ್ಳುತ್ತಿದ್ದರು. ಆ ಅಭ್ಯಾಸ ನೆನೆದೇ ಸಿಂಚನಾ ಬಟ್ಟಲನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಬಟ್ಟಲಿಗೆ ಒಂದು ಹೆಸರು ಬೇಕು ಎಂದು ಜುಬೇರ ಹೇಳಿದ್ದ. ಅವ್ವನನ್ನು ಕೇಳಿದರೆ, "ಹೆಸರು ಬ್ಯಾಡ ಮಗಳ, ಹೆಸರಿಡೂ ಹೊತ್ತಿಗೇ ಹ್ವಾದಾನ, ನನಗ ಅಂಜಿಕಿ" ಎಂದಿದ್ದರು. ಸಿಂಚನಾ ಚೀಟಿಯ ಮೇಲೆ 'ಅಣ್ಣ' ಎಂದು ಬರೆದು ಅಂಟಿಸಿದಳು.

ಕೋಶಗಳು ಬೆಳೆದವು. ನಿಧಾನವಾಗಿ, ಕಾಡಿಸಿ ಕಾಡಿಸಿ ಬೆಳೆದವು. ಶಾಲೆಗೆ ಅವನ್ನು ಬಿಟ್ಟ ಮೇಲೆ ಸಿಂಚನಾ ದಿನಾ ಬೆಳಿಗ್ಗೆ ಅವ್ವನ ರಕ್ತ ತಾನೇ ತೆಗೆದಳು. ಸೋಂಕು ತಾಗದಂತೆ ಅವ್ವನನ್ನು ಇರಿಸಿದ್ದ ಗಾಜಿನ ಕೋಣೆಯೊಳಗೆ ಹೋಗುವಾಗ ಅವಳು ಕೈ ತೊಳೆಯುವ ರೀತಿ ಕಂಡು ನರ್ಸುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಯಾರಾದರೂ ಕೆಮ್ಮಿದರೆ ಕೂಡಲೇ ಹೊರಗೆ ಕಳಿಸುತ್ತಿದ್ದಳು. ಎರಡು ತಿಂಗಳು ತುಂಬಲು ಇನ್ನೂ ದಿನಗಳಿರುವಾಗ, ಇಷ್ಟೆಲ್ಲ ಮಾಡಿದರೂ, ಅವ್ವನಿಗೆ ಜ್ವರ ಬಂತು.

ಸಂಜೆಯ ಹೊತ್ತಿಗೆ ಉಸಿರು ಸಿಕ್ಕಿಹಾಕಿಕೊಳ್ಳತೊಡಗಿತು. ಜುಬೇರ ಗಾಜಿನ ಹೊರಗೆ ಅವಳ ಪಕ್ಕ ನಿಂತು ಮೆಲ್ಲಗೆ ಹೇಳಿದ: "ಔಷಧ ನಿಲ್ಲಿಸಿದ್ರ ಟಿ-ಕೋಶ ಎದ್ದು ಜ್ವರದ ಕೂಡ ಬಡದಾಡ್ತಾವ್ರಿ. ಹೃದಯದ ಮ್ಯಾಲೂ ಮತ್ತ ಬೀಳ್ತಾವ. ನಿಲ್ಲಿಸಲಿಲ್ಲಂದ್ರ..."

"ಹೊಸ ತಂಡ ಹೊರಗ ಬಿದ್ದೈತಿ?"

"ಬಿದ್ದೈತ್ರಿ. ಸಣ್ಣದು. ಸಾಲ್ತೈತೋ ಇಲ್ಲೋ ನಾ ಹೇಳಲಾರೆ."

ಸಿಂಚನಾ ತಮ್ಮನನ್ನು ನೋಡಿದಳು. ಸಮರ್ಥ ಗೋಡೆಯ ಕಡೆ ಮುಖ ಮಾಡಿದ್ದ. "ನೀ ಏನ್ ಮಾಡ್ತಿ ಮಾಡಕ್ಕ," ಎಂದ, "ನನ್ನ ಕೇಳಬ್ಯಾಡ." ಅವಳು ಒಳಗೆ ಹೋಗಿ ಔಷಧದ ನಳಿಗೆಯನ್ನು ತಾನೇ ಮುಚ್ಚಿದಳು. ಅವ್ವನ ಕೈ ಸುಡುತ್ತಿತ್ತು. ವಿಜ್ಞಾನ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿತ್ತು, ಇನ್ನು ಕಾಯುವುದಷ್ಟೇ ಇತ್ತು. ಅವಳಿಗೆ ಅಷ್ಟು ಭಯ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಹೃದಯದ ಮಾಂಸ ಪೆಟ್ಟು ತಿಂದಾಗ ರಕ್ತಕ್ಕೆ ಒಂದು ಪ್ರೋಟೀನು ಸೋರುತ್ತದೆ. ಮರುದಿನ ಅದು ದುಪ್ಪಟ್ಟಾಯಿತು. ಅದರ ಮರುದಿನ ಇನ್ನೂ ಏರಿತು. ಜ್ವರ ಇಳಿಯುತ್ತಿತ್ತು, ಅದನ್ನು ಕಂಡು ಖುಷಿಪಡುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅಂಕಿ ನಿಂತಲ್ಲೇ ನಿಂತಿತು. ಯಂತ್ರ ಕೆಟ್ಟಿರಬೇಕೆಂದು ಸಿಂಚನಾ ಇನ್ನೊಂದರಲ್ಲಿ ನೋಡಿಸಿದಳು. ಅಲ್ಲೂ ಅಷ್ಟೇ. ಆಮೇಲೆ ಇಳಿಯಿತು. ತಡೆಯುವ ಕೋಶಗಳು ತಮ್ಮವರನ್ನು ಹಿಡಿದು ನಿಲ್ಲಿಸಿದ್ದವು. ಸಮರ್ಥ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ.

ಮಹಾನಂದಾ ಬದುಕಿದರು. ಮೊದಲಿನ ಕಸುವು ಬರಲಿಲ್ಲ. ರೊಟ್ಟಿ ಬಡಿಯುವುದು ನಿಂತಿತು, ಮೆಟ್ಟಿಲು ಹತ್ತಲು ಒಂದು ಕೈ ಬೇಕಾಯಿತು. ಸಾಲಿ ರಾಜ್ಯಕ್ಕೆ ಹೋಗುವುದು ಒಂದು ವರ್ಷ ತಡವಾಯಿತು. ಸಿಂಚನಾ ಮೊದಲು ಮಾಡಿದ ಕೆಲಸವೆಂದರೆ ಪ್ರಯೋಗದಲ್ಲಿದ್ದ ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆಸಿದ್ದು. ಈ ಸಲ ಕೇಳುವ ಕೆಲಸವನ್ನು ಯಾರಿಗೂ ಬಿಡಲಿಲ್ಲ.

ಮೊದಲು ಬಂದಾಕೆ ಅಣ್ಣಿಗೇರಿ ಕಡೆಯವರು, ಸುವರ್ಣಾ ಎಂದು ಹೆಸರು, ಜೊತೆಗೆ ಇಬ್ಬರು ಗಂಡುಮಕ್ಕಳು. ಅವರನ್ನು ಸಿಂಚನಾ ಹೊರಗೆ ಕೂಡಿಸಿದಳು. ಅವಳಿಗೂ ನಾಚಿಕೆಯೇ, ಆದರೂ ಕೇಳಿದಳು.

"ಅಮ್ಮಾರ, ಮಕ್ಕಳೆಷ್ಟು ಅಂತಲ್ಲ. ನೀವು ಎಷ್ಟ ಸಲ ಬಸರಾಗಿದ್ರಿ? ನಿಂತದ್ದು, ನಿಲ್ಲದ್ದು, ಹುಟ್ಟಿ ಹೋದದ್ದು, ಎಲ್ಲಾ ಹಿಡದು."

"ಬಾಗಲಾ ಹಾಕಿ ಬರ್ರಿ ಮೊದಲ" ಎಂದರು ಸುವರ್ಣಾ. ಸಿಂಚನಾ ಹಾಕಿ ಬರುವಷ್ಟರಲ್ಲಿ ಆಕೆ ಎಡಗೈಯ ಬೆರಳುಗಳ ಮೇಲೆ ಎಣಿಸುತ್ತಿದ್ದರು. ಎಣಿಕೆ ಬಲಗೈಗೆ ದಾಟಿತು.

ಇದೆಲ್ಲ ನಡೆಯಲು ಇನ್ನೂ ಸುಮಾರು ನಲವತ್ತು ವರ್ಷ ಇದೆ; ಆ ಮುದುಕಿ ಇವತ್ತಿಗೆ ಮುದುಕಿಯಲ್ಲ. ನಲವತ್ತರ ಆಸುಪಾಸಿನ ಹೆಂಗಸು. ಯಾವುದೋ ಮನೆಯ ಅಡುಗೆಕೋಣೆಯಲ್ಲಿ ಈ ಹೊತ್ತು ಮಕ್ಕಳಿಗೆ ಡಬ್ಬಿ ಕಟ್ಟುತ್ತಿದ್ದಾಳೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಗುತ್ತ ಇಬ್ಬರು ಅನ್ನುತ್ತಾಳೆ.